ನೆಗೆಟಿವ್ ಹೋಯ್ತು, ಮೆಷಿನ್ ಉಳೀತು!

ಹೀರೋಗಳ ಬಗ್ಗೆ ವಾರ ವಾರ ಬರೀತೀವಿ. ಆದರೆ ನಿಮ್ಮ ಪರ್ಸಿನಲ್ಲಿರೋ ಹೀರೋ ಫೋಟೋವನ್ನು ಕಾಗದಕ್ಕೆ ಇಳಿಸಿದವನ ಬಗ್ಗೆ ಯಾರು ಬರೀಬೇಕು ಸ್ವಾಮಿ? ಈ ವಾರದ ಮಾತು ಅವನದು, ಅವನ ಮೆಷಿನ್ನಿನದು.

‘ಕಲರ್ ಲ್ಯಾಬ್’ ಅಂತ ಬೋರ್ಡು ಹಾಕಿದ ಅಂಗಡಿಗಳಲ್ಲಿ ಮಿನಿಲ್ಯಾಬ್ ಎಂಬ ಯಂತ್ರ ಇರುತ್ತಿತ್ತು. ಅದರ ಕೆಲಸ ಹಳೇ ಥಿಯೇಟರಿನ ಪ್ರೊಜೆಕ್ಟರಿನಂಥದ್ದೇ. ಹಿಂದೆ ದೀಪ, ನಡುವೆ ನೆಗೆಟಿವ್, ಮುಂದೆ ಲೆನ್ಸು. ಪರದೆಯ ಜಾಗದಲ್ಲಿ ಮಾತ್ರ ಬೆಳ್ಳಿ ಲವಣ ಸವರಿದ ಕಾಗದ. ಬೆಳಕು ಉಂಡ ಆ ಕಾಗದ ಕೆಮಿಕಲ್ ತೊಟ್ಟಿಗಳಲ್ಲಿ ಮುಳುಗೆದ್ದು ಬಂದರೆ ಫೋಟೋ ರೆಡಿ!

1996ರಲ್ಲಿ ಜಪಾನಿನ ಫ್ಯೂಜಿ ಕಂಪನಿ ‘ಫ್ರಾಂಟಿಯರ್’ ತಂದಿತು. ಕಂಪ್ಯೂಟರಿನಲ್ಲಿರೋ ಚಿತ್ರವನ್ನು ಲೇಸರ್ ಕಿರಣದಿಂದ ಕಾಗದದ ಮೇಲೆ ಬರೆಯೋ ಮೆಷಿನ್. ಅದರ ಬೆನ್ನಿಗೇ ಡಿಜಿಟಲ್ ಕ್ಯಾಮೆರಾಗಳ ಸುರಿಮಳೆ. ಗಿರಾಕಿ ರೋಲ್ ಬದಲು ಕಾರ್ಡ್ ಹಿಡಿದು ಬಂದ. ಹಳೇ ಮೆಷಿನ್ನಿಗೆ ಕಾರ್ಡ್ ಎಲ್ಲಿ ತುರುಕೋದು? ಹೊಸದು ಕೊಳ್ಳೋಕೆ ಸಣ್ಣ ಊರಿನವನ ಹತ್ತಿರ ಲಕ್ಷಗಳೆಲ್ಲಿ?

ಆಗ ಬಂತು ನೋಡಿ ಒಂದು ಉಪಾಯ. ಹೊಟ್ಟೆ ಹಾಗೇ ಇರಲಿ, ತಲೆ ಬದಲಾಯಿಸಿ! ಕೆಮಿಕಲ್ ತೊಟ್ಟಿ, ಡ್ರೈಯರ್ ಎಲ್ಲ ಹಳೇದೇ. ನೆಗೆಟಿವ್ ಕೂರುತ್ತಿದ್ದ ಜಾಗಕ್ಕೆ ಮಾತ್ರ ಒಂದು ಪುಟ್ಟ ಎಲ್‌ಸಿಡಿ ಗಾಜು. ಕರೆಂಟು ಕೊಟ್ಟ ಹಾಗೆ ಅದರ ಒಂದೊಂದು ಚುಕ್ಕೆಯೂ ಬೆಳಕನ್ನು ಬಿಡುತ್ತೆ, ಇಲ್ಲವೇ ತಡೆಯುತ್ತೆ. ಕೆಂಪು, ಹಸಿರು, ನೀಲಿ ಬೆಳಕನ್ನು ಒಂದಾದ ಮೇಲೊಂದು ಹಾಯಿಸಿದರೆ ಮೂರೂ ಸೇರಿ ಕಾಗದದ ಮೇಲೆ ಪೂರಾ ಬಣ್ಣ. ಮಜಾ ಏನು ಗೊತ್ತಾ? ಆ ಕಾಗದಕ್ಕೆ ಎಲ್ಲವೂ ಉಲ್ಟಾ ಬೇಕು. ಹೀರೋನ ಬಿಳೀ ಶರ್ಟು ಗಾಜಿನ ಮೇಲೆ ಕಪ್ಪಾಗಿರಬೇಕು. ನೆಗೆಟಿವ್ ಹೋದರೂ ನೆಗೆಟಿವ್ ಬುದ್ಧಿ ಹೋಗಲಿಲ್ಲ!

ತಾಪತ್ರಯಗಳೂ ಇದ್ದವು. 1024ಕ್ಕೆ 768 ಚುಕ್ಕೆಯ ಗಾಜು ಅಂತ ಇಟ್ಟುಕೊಳ್ಳಿ. ಆರಿಂಚಿನ ಫೋಟೋದಲ್ಲಿ ಇಂಚಿಗೆ ಸುಮಾರು 170 ಚುಕ್ಕೆ, ಕಣ್ಣಿಗೆ ಪರವಾಗಿಲ್ಲ. ಅದನ್ನೇ 18 ಇಂಚಿಗೆ ಹಿಗ್ಗಿಸಿದರೆ ಇಂಚಿಗೆ 57 ಅಷ್ಟೇ, ನಾಯಕಿಯ ಕೆನ್ನೆ ಮೇಲೆ ರಾಗಿ ಚೆಲ್ಲಿದ ಹಾಗೆ! ಚುಕ್ಕೆ ಚುಕ್ಕೆಯ ನಡುವಿನ ಗೆರೆ ಮುಚ್ಚೋಕೆ ಗಾಜನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಬೆಳಕು ಹಾಯಿಸೋ ಜಾಣತನವೂ ಬಂತು. ತಡೆಯಬೇಕಾದ ಕಡೆ ಬೆಳಕು ಚೂರು ಸೋರಿದರೂ ಬಿಳಿ ಮಂಕಾಗುತ್ತಿತ್ತು.

ಇಲ್ಲಿ ನಮ್ಮ ಬೆಂಗಳೂರೂ ಬರುತ್ತೆ! ಕಡ್ಡಿಯಂಥ ಅಣುಗಳಿಂದಲೇ ದ್ರವಸ್ಫಟಿಕ ಆಗೋದು ಅಂತ ಜಗತ್ತು ನಂಬಿದ್ದಾಗ, 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬಿಲ್ಲೆಯಂಥ ಅಣುಗಳಿಂದಲೂ ಆಗುತ್ತೆ ಅಂತ ತೋರಿಸಿದರು. ಅವರು ಸರ್ ಸಿ.ವಿ. ರಾಮನ್ ಅವರ ಸೋದರಳಿಯ, ಮೊದಲು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು. ಮುಂದೆ ಅಂಥದೇ ಬಿಲ್ಲೆ ಅಣುಗಳ ಫಿಲ್ಮನ್ನು ಎಲ್‌ಸಿಡಿ ಪರದೆಗೆ ಅಂಟಿಸಿ, ಪಕ್ಕದಿಂದ ನೋಡಿದರೂ ಚಿತ್ರ ಕೆಡದ ಹಾಗೆ ಮಾಡಿದ್ದು ಯಾರು? ಅದೇ ಫ್ಯೂಜಿ! ಪಿಯುಸಿ ಮಧ್ಯದಲ್ಲೇ ಬಿಟ್ಟ ನನಗೆ ಇದನ್ನು ಓದಿ ಎದೆ ಉಬ್ಬಿತು, ಸುಳ್ಳು ಹೇಳಲ್ಲ.

ನನಗೆ ಗೊತ್ತಿರೋ ಒಬ್ಬ ಲ್ಯಾಬ್ ಆಪರೇಟರ್ ಅಣ್ಣ ಇದ್ದಾರೆ. ‘ತಲೆ ಬದಲಾಯಿಸಿದಾಗ ನನ್ನನ್ನೂ ಬದಲಾಯಿಸ್ತಾರೆ ಅಂದ್ಕೊಂಡಿದ್ದೆ’ ಅಂತಾರೆ. ಹಾಗಾಗಲಿಲ್ಲ. ಕಂಪ್ಯೂಟರ್ ತೋರಿಸೋ ಬಣ್ಣ ಬೇರೆ, ಕಾಗದ ಕೊಡೋ ಬಣ್ಣ ಬೇರೆ. ಬೆಳಿಗ್ಗೆ ಟೆಸ್ಟ್ ಪಟ್ಟಿ ತೆಗೆದು, ಮದುಮಗಳ ಮುಖಕ್ಕೆ ಕೆಂಪು ಎಷ್ಟು, ಹಳದಿ ಎಷ್ಟು ಅಂತ ಹೇಳೋಕೆ ಅವರ ಕಣ್ಣೇ ಬೇಕಾಯ್ತು. ಲೇಸರ್ ಕೊಳ್ಳಲಾಗದ ಅಂಗಡಿ, ಆ ಗಾಜಿನ ದೆಸೆಯಿಂದ ಇನ್ನೂ ಕೆಲವು ವರ್ಷ ಬಾಗಿಲು ತೆರೆದಿತ್ತು. ಅಷ್ಟರಲ್ಲಿ ಅವರ ಮಗಳ ಓದೂ ಮುಗೀತು. ಆಮೇಲೆ ಮೊಬೈಲ್ ಬಂತು. ಲೇಸರ್ ಮಾಡಲಾಗದ್ದನ್ನು ಅದು ಮಾಡಿತು, ಪ್ರಿಂಟ್ ಹಾಕಿಸೋ ಅಭ್ಯಾಸವನ್ನೇ ಕೊಂದಿತು.

ಗೆಳೆಯರೇ, ಶುಕ್ರವಾರ ಫಸ್ಟ್ ಶೋ ಮುಂದೆ ಸೆಲ್ಫಿ ಹೊಡೀತೀರಲ್ಲ, ಒಂದನ್ನಾದರೂ ಪ್ರಿಂಟ್ ಹಾಕಿಸಿ. ಕಟೌಟಿನ ಹಾಲಿಗೆ ಹಾಕೋ ದುಡ್ಡಿನಲ್ಲಿ ಒಂದು ಚೂರು ಸಾಕು. ಫೋನು ಬಸ್ಸಿನಲ್ಲಿ ಹೋದೀತು, ಟ್ರಂಕಿನಲ್ಲಿಟ್ಟ ಫೋಟೋ ಎಲ್ಲಿಗೆ ಹೋದೀತು?