ಡಿವಿಜಿ ಹೆಸರು ಕಂಪ್ಯೂಟರಿಗೆ ಬರುತ್ತದೆ, ಬರೆಸುವ ಮನಸ್ಸು ನಮಗೇ ಇಲ್ಲ!

ಕನ್ನಡದ ಯುವಮಿತ್ರರೇ, ಒಂದು ನೇರ ಪ್ರಶ್ನೆ. 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಪುಸ್ತಕವನ್ನು ಯಾವ ಅಕ್ಷರದಲ್ಲಿ ಹುಡುಕಬೇಕು? ಮಾಲೂರು ತಾಲ್ಲೂಕಿನ ಮಾಸ್ತಿಯವರ ‘ಚಿಕವೀರ ರಾಜೇಂದ್ರ’, 1983ರ ಜ್ಞಾನಪೀಠವನ್ನು ಕನ್ನಡಕ್ಕೆ ತಂದುಕೊಟ್ಟ ಆ ಕಾದಂಬರಿಯನ್ನು, ಯಾವ ಅಕ್ಷರದಲ್ಲಿ ಹುಡುಕಬೇಕು?

ಕನ್ನಡದಲ್ಲಿ, ಇನ್ನೇನು ಅನ್ನುತ್ತೀರಿ. ಪುಸ್ತಕದ ಮುಖಪುಟದಲ್ಲಿ ಕನ್ನಡ, ಬೆನ್ನಿನ ಮೇಲೆ ಕನ್ನಡ, ಒಳಗೆಲ್ಲ ಕನ್ನಡ. ಆದರೆ ದೊಡ್ಡ ದೊಡ್ಡ ಗ್ರಂಥಾಲಯಗಳ ಕಂಪ್ಯೂಟರ್ ಪಟ್ಟಿಗಳಲ್ಲಿ ಕನ್ನಡ ಪುಸ್ತಕಗಳು ದಶಕಗಳ ಕಾಲ ಕೂತದ್ದು ರೋಮನ್ ಅಕ್ಷರದಲ್ಲಿ. ತಲೆಯ ಮೇಲೊಂದು ಗೆರೆ, ಕಾಲ ಕೆಳಗೊಂದು ಚುಕ್ಕಿ ಹೊತ್ತುಕೊಂಡು, ಪರದೇಶಿಗಳ ಹಾಗೆ! ಗೆರೆ ಚುಕ್ಕಿ ಬಿಟ್ಟುಹೋದರಂತೂ ಮುಳಬಾಗಿಲಿನ ‘ಳ’ ಸತ್ತೇಹೋಗುತ್ತದೆ. ಶ್ರೀನಿವಾಸಪುರವನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯಬಹುದು, ನೀವೇ ಎಣಿಸಿ ನೋಡಿ. ಮಾಸ್ತಿಯವರ ಕಾವ್ಯನಾಮವೂ ‘ಶ್ರೀನಿವಾಸ’ವೇ. ಹುಡುಕುವವನು ಒಂದು ಬಗೆಯಲ್ಲಿ ಬರೆದ, ಪಟ್ಟಿ ಮಾಡಿದವನು ಇನ್ನೊಂದು ಬಗೆಯಲ್ಲಿ ಬರೆದ. ಪುಸ್ತಕ ಕಪಾಟಿನಲ್ಲೇ ಇದ್ದರೂ ಉತ್ತರ ಒಂದೇ: ‘ಸಿಗಲಿಲ್ಲ’.

ಇದು ಹೇಗಾಯಿತು ಎಂಬುದನ್ನು ತಿಳಿಯದೆ ಕೂಗಾಡಿದರೆ ಪ್ರಯೋಜನವಿಲ್ಲ. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಹೆನ್ರಿಯೆಟ್ ಅವ್ರಾಮ್ ಎಂಬ ಮಹಿಳೆ, ಪುಸ್ತಕದ ವಿವರವನ್ನು ಯಂತ್ರ ಓದುವಂತೆ ಬರೆದಿಡುವ ಒಂದು ಕ್ರಮವನ್ನು ಕಟ್ಟಿದರು. ಅದರ ಹೆಸರು ಮಾರ್ಕ್. ಲೇಖಕರ ಹೆಸರು 100ನೇ ಸಾಲಿಗೆ, ಪುಸ್ತಕದ ಹೆಸರು 245ನೇ ಸಾಲಿಗೆ, ಹೀಗೆ ಎಲ್ಲಕ್ಕೂ ಒಂದೊಂದು ನಂಬರು. ಇಂದಿಗೂ ಪ್ರಪಂಚದ ಗ್ರಂಥಾಲಯಗಳು ಒಂದರಿಂದ ಇನ್ನೊಂದಕ್ಕೆ ಪುಸ್ತಕದ ವಿವರ ಕಳಿಸುವುದು ಹೆಚ್ಚಾಗಿ ಈ ಕ್ರಮದಲ್ಲೇ. ಆ ಮಹಾತಾಯಿಯ ಕೆಲಸ ದೊಡ್ಡದು, ಅನುಮಾನವಿಲ್ಲ.

ಆದರೆ ಮಾರ್ಕ್ ಜೊತೆಗೆ ಬಂದ ಹಳೆಯ ಅಕ್ಷರಪಟ್ಟಿ ‘ಮಾರ್ಕ್-8’ರಲ್ಲಿ ಯಾರು ಯಾರಿಗೆ ಜಾಗ ಸಿಕ್ಕಿತು ನೋಡಿ. ರೋಮನ್ನಿಗೆ ಸಿಕ್ಕಿತು, ಗ್ರೀಕಿಗೆ ಸಿಕ್ಕಿತು, ರಷ್ಯನ್ನರ ಸಿರಿಲಿಕ್, ಹೀಬ್ರೂ, ಅರೇಬಿಕ್, ಚೀನಿ, ಜಪಾನಿ, ಕೊರಿಯನ್ ಎಲ್ಲವೂ ಒಳಗೆ ಬಂದವು. ಕನ್ನಡ? ಇಲ್ಲ. ತೆಲುಗು? ಇಲ್ಲ. ತಮಿಳು, ಮಲಯಾಳ, ದೇವನಾಗರಿ, ಬಂಗಾಳಿ? ಒಂದೂ ಇಲ್ಲ! 1962ರಿಂದ ಪಿ.ಎಲ್. 480 ಗೋಧಿಯ ಹಣದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕಟ್ಟುಕಟ್ಟಾಗಿ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಸಾಗಿಸಿದರು. ಪುಸ್ತಕಕ್ಕೆ ಕಪಾಟಿನಲ್ಲಿ ಜಾಗವಿತ್ತು, ಅದರ ಅಕ್ಷರಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ. ಇದಕ್ಕಿಂತ ತಮಾಷೆ ಇನ್ನೊಂದಿದೆ. ಮಾರ್ಕ್ ದಾಖಲೆಯ 008ನೇ ಸಾಲಿನಲ್ಲಿ ಪುಸ್ತಕ ಯಾವ ಭಾಷೆಯದು ಎಂದು ಮೂರಕ್ಷರದಲ್ಲಿ ಬರೆಯಬೇಕು. ಕನ್ನಡಕ್ಕೆ ‘ಕೆ, ಎ, ಎನ್’. ಅಂದರೆ ಈ ಪುಸ್ತಕ ಕನ್ನಡದ್ದು ಎಂದು ದಾಖಲೆಯೇ ಒಪ್ಪಿಕೊಳ್ಳುತ್ತದೆ, ಆದರೆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಿಲ್ಲ!

ಅಮೆರಿಕ ಹಾಗಿರಲಿ, ಅವರು ಪರಊರಿನವರು. ನಮ್ಮ ಬೆಂಗಳೂರಿಗೆ ಬನ್ನಿ. ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳುತನದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ನಡೆದು ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಕೈಮುಗಿಯಬೇಕಾದ ಕೆಲಸ. ಆದರೆ ಆ ಪುಸ್ತಕಗಳ ಹೆಸರನ್ನು ತುಂಬಿದ್ದು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಬಾಯಿಗೆ ಬಂದ ಸ್ಪೆಲಿಂಗಿನಲ್ಲಿ. ಕನ್ನಡ ಪುಸ್ತಕ ಹುಡುಕುವ ಕನ್ನಡಿಗ ಕನ್ನಡದ ನೆಲದಲ್ಲೇ ಸ್ಪೆಲಿಂಗ್ ಜೂಜಾಡಬೇಕಾಯಿತು. ಕೊನೆಗೆ ಕಳೆದ ದಶಕದಲ್ಲಿ ‘ಸಂಚಯ’ ಬಳಗದ ಹುಡುಗರು ‘ಪುಸ್ತಕ ಸಂಚಯ’ ಎಂಬ ಹುಡುಕುತಾಣ ಕಟ್ಟಿ, ಜನರ ಕೈಯಿಂದಲೇ ಆ ಹೆಸರುಗಳನ್ನು ಕನ್ನಡಕ್ಕೆ ಬರೆಸಿದರು. ಸಂಬಳವಿಲ್ಲದೆ ಮಾಡಿದ ಕೆಲಸ ಅದು. ಮೊದಲೇ ಸರಿಯಾಗಿ ತುಂಬಿದ್ದರೆ ಅವರು ಅಷ್ಟು ಕಣ್ಣು ಸವೆಸಬೇಕಾಗಿತ್ತೇ?

ನೆಪ ಮುಗಿದಿದೆ ಸ್ವಾಮಿ!

‘ಕಂಪ್ಯೂಟರಿಗೆ ಕನ್ನಡ ಬರುವುದಿಲ್ಲ’ ಎಂಬ ಹಳೆಯ ರಾಗ ಈಗ ನಡೆಯುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಮನೆಯಿದೆ. ಮಾರ್ಕ್ ದಾಖಲೆಯೂ ಯೂನಿಕೋಡನ್ನು ಒಪ್ಪುತ್ತದೆ. ದಾಖಲೆಯ ತಲೆಯಲ್ಲಿ 24 ಸ್ಥಾನಗಳಿವೆ. ಸೊನ್ನೆಯಿಂದ ಎಣಿಸಿ 9ನೇ ಸ್ಥಾನದಲ್ಲಿ ‘ಎ’ ಎಂದು ಹಾಕಿದರೆ ‘ಒಳಗಿರುವುದು ಯೂನಿಕೋಡ್’ ಎಂದರ್ಥ. ಅದನ್ನು ಖಾಲಿ ಬಿಟ್ಟರೆ ಓದುವ ಯಂತ್ರ ಹಳೆಯ ಮಾರ್ಕ್-8 ಎಂದು ತಿಳಿದು ಕನ್ನಡವನ್ನೆಲ್ಲ ಕಸ ಮಾಡುತ್ತದೆ. ಒಂದೇ ಒಂದು ಅಕ್ಷರದ ಅಸಡ್ಡೆ!

‘ಕನ್ನಡ ಬೇಕಾದರೆ 880ನೇ ಸಾಲಿನಲ್ಲಿ ಹಾಕಿಕೊಳ್ಳಿ, 245ರಲ್ಲಿ ರೋಮನ್ನೇ ಇರಲಿ’ ಎಂದು ಕೆಲವು ಪಂಡಿತರು ಹೇಳುತ್ತಾರೆ. 880 ಎಂದರೆ ಬೇರೆ ಲಿಪಿಯವರಿಗೆ ಇಟ್ಟ ಹಿಂಬಾಗಿಲು. ಮನೆಯ ಯಜಮಾನ ಹಿತ್ತಲಿಂದ ಬರಬೇಕಂತೆ! ಈ ಪಂಡಿತರು ಹೇಳದೆ ಬಿಡುವ ವಿಷಯವೊಂದಿದೆ. ಮಾರ್ಕ್ 21ರ ನಿಯಮದಲ್ಲೇ ಎರಡು ಮಾದರಿಗಳಿವೆ. ಮೊದಲನೆಯದರಲ್ಲಿ ರೋಮನ್ ಮುಂದೆ, ಮೂಲಲಿಪಿ 880ರಲ್ಲಿ. ಎರಡನೆಯದರಲ್ಲಿ ಮೂಲಲಿಪಿಯೇ ನೇರವಾಗಿ 245ರಲ್ಲಿ, ರೋಮನ್ನಿನ ಹಂಗೇ ಇಲ್ಲ. ನಿಯಮವೇ ಕನ್ನಡಕ್ಕೆ ಮುಂಬಾಗಿಲು ತೆರೆದಿಟ್ಟಿರುವಾಗ ಅಗಳಿ ಹಾಕಿಕೊಂಡು ಕೂತವರು ಯಾರು?

ಈಗ ನಿಮ್ಮ ಸರದಿ. ಬೆಳಿಗ್ಗೆ ಬಂಗಾರಪೇಟೆ, ಟೇಕಲ್, ಮಾಲೂರಿನಲ್ಲಿ ರೈಲು ಹತ್ತಿ ವೈಟ್‌ಫೀಲ್ಡಿನಲ್ಲಿ ಇಳಿಯುವ ಹುಡುಗ ಹುಡುಗಿಯರೇ, ನಿಮ್ಮಲ್ಲಿ ಎಷ್ಟು ಜನ ದಿನವಿಡೀ ಜಾವಾಸ್ಕ್ರಿಪ್ಟ್ ಬರೆದು ಪರದೇಶದ ಅಂಗಡಿಗಳ ಬಿಲ್ಲು ಸರಿಮಾಡುತ್ತೀರಿ! ಅದೇ ಜಾವಾಸ್ಕ್ರಿಪ್ಟಿನಲ್ಲಿ ಮಾರ್ಕ್ ದಾಖಲೆಗಳನ್ನು ಓದುವ, ತಿದ್ದುವ, ಮತ್ತೆ ಬರೆಯುವ ಸಿದ್ಧ ಕೋಡಿನ ಕಟ್ಟುಗಳು ಪುಕ್ಕಟೆಯಾಗಿ ಸಿಗುತ್ತವೆ. ಅಂಥ ಕಟ್ಟನ್ನೂ ನಿಮ್ಮ ಕಸುಬಿನಲ್ಲಿ ‘ಲೈಬ್ರರಿ’ ಎಂದೇ ಕರೆಯುತ್ತಾರೆ, ಒಳ್ಳೆಯ ಶಕುನ. ‘ಮಾರ್ಕ್‌ಜೆಎಸ್’ ಎಂಬುದೊಂದಿದೆ. ಫಿನ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ತಾನೇ ಬರೆದು ಎಲ್ಲರಿಗೂ ತೆರೆದಿಟ್ಟಿರುವುದೂ ಇದೆ. ಫಿನ್ಲೆಂಡಿನ ಜನಸಂಖ್ಯೆ ಎಷ್ಟು ಗೊತ್ತೇ? ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯಿನುಡಿ ಎಂದವರು 4 ಕೋಟಿ 37 ಲಕ್ಷ. ಹೋಗಲಿ, ಫಿನ್ಲೆಂಡ್ ಶ್ರೀಮಂತ ದೇಶ ಎನ್ನೋಣ. ‘ಕೋಹಾ’ ಎಂಬ ಗ್ರಂಥಾಲಯ ತಂತ್ರಾಂಶ 2000ದಲ್ಲಿ ಕೆಲಸ ಶುರು ಮಾಡಿದ್ದು ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿ. ಆಗ ಅಲ್ಲಿದ್ದವರು ಮೂವತ್ತು ಸಾವಿರದ ಆಸುಪಾಸು ಜನ. ಕೋಲಾರ ಜಿಲ್ಲೆಯಲ್ಲಿ 2011ರಲ್ಲೇ 15 ಲಕ್ಷ ದಾಟಿತ್ತು. ಆ ಪುಟ್ಟ ಊರಿನವರು ಪ್ರಪಂಚಕ್ಕೆಲ್ಲ ತಂತ್ರಾಂಶ ಕೊಟ್ಟರು. ನಾವು ನಮ್ಮ ನಾಲ್ಕು ತಾಲ್ಲೂಕುಗಳ ಪುಸ್ತಕದ ಪಟ್ಟಿಯನ್ನು ಕನ್ನಡದಲ್ಲಿ ಕೊಡಲಾರೆವೇ?

ಆದರೆ ಹುಷಾರು. ಇಂಗ್ಲಿಷ್ ಲೆಕ್ಕದಲ್ಲಿ ಪಳಗಿದ ಕೈ ಕನ್ನಡಕ್ಕೆ ಬಂದಾಗ ಎಡವುವ ಜಾಗಗಳಿವೆ. ಮಾರ್ಕ್ ದಾಖಲೆ ಉದ್ದದ ಲೆಕ್ಕದ ಮೇಲೆ ನಿಂತಿದೆ. ತಲೆಯ ಮೊದಲ 5 ಅಂಕಿ ಇಡೀ ದಾಖಲೆಯ ಉದ್ದ. ಆಮೇಲೆ ಬರುವ ಸೂಚಿಯಲ್ಲಿ ಪ್ರತಿ ಸಾಲಿಗೂ 12 ಸ್ಥಾನ: 3 ಸಾಲಿನ ನಂಬರಿಗೆ, 4 ಅದರ ಉದ್ದಕ್ಕೆ, 5 ಅದು ಎಲ್ಲಿ ಶುರು ಎಂಬುದಕ್ಕೆ. ಯೂನಿಕೋಡ್ ದಾಖಲೆಯಲ್ಲಿ ಈ ಉದ್ದವನ್ನು ಎಣಿಸಬೇಕಾದದ್ದು ಬೈಟಿನಲ್ಲಿ. ಜಾವಾಸ್ಕ್ರಿಪ್ಟಿನ ‘ಲೆಂತ್’ ಎಣಿಸುವುದು ಬೇರೆಯದನ್ನು.

‘ಮಾಸ್ತಿ’ ಎಂಬ ಹೆಸರನ್ನೇ ತೆಗೆದುಕೊಳ್ಳಿ. ನಿಮ್ಮ ಅಜ್ಜಿ ಎಣಿಸಿದರೆ ಎರಡಕ್ಷರ. ಜಾವಾಸ್ಕ್ರಿಪ್ಟಿನ ಲೆಂತ್ ಕೇಳಿದರೆ 6. ಯುಟಿಎಫ್-8ರ ಬೈಟಿನಲ್ಲಿ 18, ಯಾಕೆಂದರೆ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಕೋಲಾರ’ ನಮಗೆ 3, ಲೆಂತ್‌ಗೆ 5, ಬೈಟಿಗೆ 15. ‘ಶ್ರೀನಿವಾಸಪುರ’ ನಮಗೆ 6, ಲೆಂತ್‌ಗೆ 12, ಬೈಟಿಗೆ 36. ಇಂಗ್ಲಿಷಿನ ಬರಿಯ ಅಕ್ಷರಗಳಿಗೆ ಈ ಮೂರು ಲೆಕ್ಕವೂ ಒಂದೇ, ಹಾಗಾಗಿ ಬರೆದವನಿಗೆ ತೊಂದರೆ ಕಾಣುವುದೇ ಇಲ್ಲ. ಲೇಖಕರ ಸಾಲಿನ ಉದ್ದಕ್ಕೆ ಈ ಹೆಸರಿನ ಲೆಕ್ಕವಾಗಿ 18 ಸೇರಿಸಬೇಕಾದಲ್ಲಿ 6 ಸೇರಿಸಿದರೆ ಮುಂದಿನ ಸಾಲು 12 ಬೈಟ್ ಮೊದಲೇ, ಅಂದರೆ ಮಾಸ್ತಿಯವರ ಹೆಸರಿನ ಹೊಟ್ಟೆಯೊಳಗಿಂದಲೇ ಶುರುವಾಗುತ್ತದೆ. ಪುಸ್ತಕದ ಹೆಸರು ಕೆಡುತ್ತದೆ, ಪ್ರಕಾಶಕರ ಹೆಸರು ಕೆಡುತ್ತದೆ, ಕೊನೆಯವರೆಗೂ ಕೆಡುತ್ತಲೇ ಹೋಗುತ್ತದೆ. ಆಗ ‘ಕನ್ನಡ ಹಾಕಿದರೆ ಸಿಸ್ಟಂ ಹಾಳಾಗುತ್ತದೆ’ ಎಂದು ಷರಾ ಬರೆಯುತ್ತಾರೆ! ಕುಣಿಯಲಾರದವರಿಗೆ ನೆಲ ಡೊಂಕು. ಬೈಟ್ ಎಣಿಸುವ ಸೌಲಭ್ಯ ನೋಡ್ ಜೆಎಸ್‌ನಲ್ಲಿ ಇದೆ, ಬ್ರೌಸರಿನಲ್ಲೂ ಇದೆ. ಯಾವ ಸಿದ್ಧ ಲೈಬ್ರರಿ ತೆಗೆದುಕೊಂಡರೂ ಮೊದಲು ಒಂದು ಕನ್ನಡ ದಾಖಲೆಯನ್ನು ಓದಿಸಿ, ಬರೆಸಿ, ಮತ್ತೆ ಓದಿಸಿ ನೋಡಿ. ಹೋದದ್ದೇ ಹಿಂದಿರುಗಿದರೆ ಸರಿ.

ಇನ್ನೊಂದು ಗುಂಡಿ. ‘ಕೋಲಾರ’ದ ‘ಕೋ’ ಅಕ್ಷರವನ್ನು ಯೂನಿಕೋಡಿನಲ್ಲಿ ಕ ಮತ್ತು ಓತ್ವದ ಒಂದೇ ಗುರುತಿನಿಂದಲೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಊರು! ಒಂದು ಬಗೆಯಲ್ಲಿ ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ‘ನಾರ್ಮಲೈಸ್’ ಎಂಬ ಒಂದು ಪದವನ್ನು ಸೇರಿಸಿದರೆ ತೀರಿತು. ಆದರೆ ಸೇರಿಸಬೇಕೆಂದು ಹೊಳೆಯುವುದು ಕನ್ನಡ ಬಲ್ಲವನಿಗೆ ಮಾತ್ರ.

ಅಕಾರಾದಿಯ ವಿಷಯವೂ ಹೀಗೇ. ನಮ್ಮ ವರ್ಣಮಾಲೆಯಲ್ಲಿ ‘ಳ’ ಬರುವುದು ಹಕಾರದ ಆಚೆ, ಕೊನೆಯಲ್ಲಿ. ಯೂನಿಕೋಡಿನ ನಂಬರಿನಲ್ಲಿ ‘ಳ’ ಕೂತಿರುವುದು ಲಕಾರದ ಪಕ್ಕ, ವಕಾರಕ್ಕಿಂತ ಮೊದಲು. ಜಾವಾಸ್ಕ್ರಿಪ್ಟಿಗೆ ಭಾಷೆ ಯಾವುದೆಂದು ಹೇಳದೆ ‘ಜೋಡಿಸು’ ಎಂದರೆ ಅದು ‘ಹಳ್ಳಿ’ಯನ್ನು ‘ಹವಳ’ದ ಮುಂದೆ ತಂದು ನಿಲ್ಲಿಸುತ್ತದೆ. ನಿಘಂಟು ನೋಡಿ ಬಂದ ಮೇಷ್ಟರು ತಲೆ ಕೆರೆದುಕೊಳ್ಳುತ್ತಾರೆ. ಭಾಷೆ ಹೇಳಿ ಜೋಡಿಸುವ ದಾರಿ ಜಾವಾಸ್ಕ್ರಿಪ್ಟಿನಲ್ಲೇ ಇದೆ, ಹೇಳುವವರಿಲ್ಲ.

‘ರೋಮನ್ ಇದ್ದರೆ ಪ್ರಪಂಚಕ್ಕೆ ತಿಳಿಯುತ್ತದೆ’ ಎಂಬ ವಾದವೂ ಬರುತ್ತದೆ. ಇರಲಿ ಬಿಡಿ, ಎರಡನೇ ಸಾಲಿನಲ್ಲಿ ರೋಮನ್ನೂ ಇರಲಿ, ಯಾರು ಬೇಡ ಎಂದರು? ಮೊದಲ ಸಾಲು ಪುಸ್ತಕ ಬರೆದವನ ಅಕ್ಷರದಲ್ಲಿರಲಿ ಎನ್ನುವುದಷ್ಟೇ ನಮ್ಮ ತಕರಾರು. ಇದು ಕನ್ನಡಕ್ಕೆ ಮಾತ್ರ ಸಲ್ಲುವ ನ್ಯಾಯವೂ ಅಲ್ಲ. ಕೋಲಾರ ಗಡಿ ಜಿಲ್ಲೆ. ಶ್ರೀನಿವಾಸಪುರ, ಮುಳಬಾಗಿಲಿನ ಮನೆಗಳಲ್ಲಿ ತೆಲುಗಿದೆ, ಮಾಲೂರಿನ ಆಚೆಗೆ ಹೊಸೂರಿನ ತಮಿಳಿದೆ. ತೆಲುಗು ಪುಸ್ತಕ ತೆಲುಗು ಲಿಪಿಯಲ್ಲಿ, ತಮಿಳು ಪುಸ್ತಕ ತಮಿಳಿನಲ್ಲಿ, ಉರ್ದು ಉರ್ದುವಿನಲ್ಲಿ ದಾಖಲಾಗಲಿ. ಕನ್ನಡ, ತೆಲುಗು, ತಮಿಳು ಅಕ್ಷರಗಳನ್ನು ಒಟ್ಟಿಗೆ ಹೊರಗೆ ನಿಲ್ಲಿಸಿದ ಪಟ್ಟಿಯ ಮುಂದೆ ನಾವು ನಾವೇ ಕಚ್ಚಾಡಿದರೆ ನಗುವವರು ಬೇರೆಯವರು.

ತಂತ್ರಜ್ಞಾನ ಈ ಜಿಲ್ಲೆಗೆ ಹೊಸದೂ ಅಲ್ಲ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಮೊದಲು ಬಂದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ತಂತಿ ಬಂತು, ಚಿನ್ನ ಹೊರಗೆ ಹೋಯಿತು, 2001ರಲ್ಲಿ ಗಣಿಗೆ ಬೀಗವೂ ಬಿತ್ತು. ಇಂದು ನರಸಾಪುರದಲ್ಲಿ ಐಫೋನ್ ಜೋಡಣೆಯಾಗುತ್ತದೆ. ಆ ಫೋನಿಗೆ ಕನ್ನಡ ಓದಲು ಬರುತ್ತದೆ, ಬರೆಯಲು ಬರುತ್ತದೆ. ಅದೇ ಫೋನಿನಲ್ಲಿ ಡಿವಿಜಿ ಪುಸ್ತಕ ಹುಡುಕಲು ಮಾತ್ರ ಇಂಗ್ಲಿಷ್ ಬೇಕೇ?

ಭಾಷಣ ಸಾಕು, ಕೆಲಸಕ್ಕೆ ಬನ್ನಿ. ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ, ಪುಸ್ತಕಗಳ ಪಟ್ಟಿ ಯಾವ ರೂಪದಲ್ಲಿದೆ, ಯಾವ ಅಕ್ಷರದಲ್ಲಿದೆ ಎಂದು ಮರ್ಯಾದೆಯಿಂದ ಕೇಳಿ. ಅಲ್ಲಿ ಕೂತಿರುವ ಗ್ರಂಥಪಾಲಕರ ಮೇಲೆ ಹಾರಾಡಬೇಡಿ, ಕೆಲಸ ಅವರಿಗೆ ಕುತ್ತಿಗೆಯವರೆಗಿದೆ. ರಿಜಿಸ್ಟರಿನಲ್ಲಿ ಕೈಬರಹವಿದ್ದರೆ ಟೈಪ್ ಮಾಡಿಕೊಡಿ. ಹಳೆಯ ಫಾಂಟಿನಲ್ಲಿ ಟೈಪ್ ಆಗಿದ್ದರೆ ಯೂನಿಕೋಡಿಗೆ ಬದಲಿಸಿಕೊಡಿ. ಮೇಲಿನ ಅಧಿಕಾರಿಗಳಿಗೆ ಮಾತ್ರ ಲಿಖಿತವಾಗಿ ಕೇಳಿ: ಕನ್ನಡ ಪುಸ್ತಕದ ದಾಖಲೆ ಕನ್ನಡ ಲಿಪಿಯಲ್ಲೇ 245ರಲ್ಲಿರಬೇಕು, ಆ ದಾಖಲೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತಿರಬೇಕು, ಹೊಸ ತಂತ್ರಾಂಶ ಕೊಳ್ಳುವ ಮುನ್ನ ಕನ್ನಡದ ಪರೀಕ್ಷೆ ನಡೆಸಬೇಕು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುವವರು ನಾವು, ಕೇಳುವ ಹಕ್ಕಿದೆ.

ಕಾಗದದ ಜೊತೆ ಒಂದು ಮಾದರಿಯನ್ನೂ ಲಗತ್ತಿಸಿ. 100ನೇ ಸಾಲಿನಲ್ಲಿ ‘ಗುಂಡಪ್ಪ, ಡಿ.ವಿ.’, 245ನೇ ಸಾಲಿನಲ್ಲಿ ‘ಮಂಕುತಿಮ್ಮನ ಕಗ್ಗ’, ತಲೆಯ 9ನೇ ಸ್ಥಾನದಲ್ಲಿ ‘ಎ’, ಉದ್ದದ ಲೆಕ್ಕ ಬೈಟಿನಲ್ಲಿ. ಒಂದು ಸಂಜೆಯ ಕೆಲಸ. ಮುಳಬಾಗಿಲಿನಿಂದಲೇ ಶುರು ಮಾಡಿ.