ಐಸಿಯುನಲ್ಲಿರುವವರು ಏನೇನೋ ಮಾತನಾಡಿದರೆ ತಲೆ ಕೆಟ್ಟಿದೆ ಎಂದರ್ಥವೇ?

ಅಪಘಾತದಲ್ಲಿ ಗಾಯಗೊಂಡವರನ್ನು ನೋಡಲು ಐಸಿಯುಗೆ ಹೋದ ಮನೆಯವರು ಕೆಲವೊಮ್ಮೆ ಗಾಬರಿಯಿಂದ ಹೊರಬರುತ್ತಾರೆ. ನಿನ್ನೆ ಸರಿಯಾಗಿ ಮಾತನಾಡಿದವರು ಇಂದು ಮಗನನ್ನೇ ಗುರುತಿಸುವುದಿಲ್ಲ. ನರ್ಸ್ ವಿಷ ಕೊಡುತ್ತಿದ್ದಾರೆ ಎಂದು ಕೂಗುತ್ತಾರೆ, ಕೈಗೆ ಹಾಕಿದ ಡ್ರಿಪ್ ಕೀಳಲು ಹೋಗುತ್ತಾರೆ. 'ತಲೆ ಕೆಟ್ಟಿತು', 'ಗಾಳಿ ಸೋಕಿದೆ' ಎಂಬ ಮಾತು ನೆಂಟರಲ್ಲಿ ಶುರುವಾಗುತ್ತದೆ.

ಇವೆರಡೂ ಅಲ್ಲ. ಇದು ಹೆಚ್ಚಾಗಿ ಡೆಲಿರಿಯಂ. ಹಳೆಯ ಮಾತಿನಲ್ಲಿ ಸನ್ನಿ. ಸೋಂಕು, ಆಮ್ಲಜನಕದ ಕೊರತೆ, ಸೋಡಿಯಂ ಏರುಪೇರು, ನೋವು, ಮಂಪರು ತರುವ ಔಷಧ, ನಿದ್ದೆಗೇಡು ಇದಕ್ಕೆ ಕಾರಣವಾಗಬಹುದು. ವಯಸ್ಸಾದವರಲ್ಲಿ, ವೆಂಟಿಲೇಟರ್‌ನಲ್ಲಿರುವವರಲ್ಲಿ ಇದು ಸಾಮಾನ್ಯ. ಕೆಲವರು ಕೂಗಾಡುವುದಿಲ್ಲ, ಮಂಕಾಗಿ ಮಲಗಿರುತ್ತಾರೆ. ಅದೂ ಡೆಲಿರಿಯಂ ಆಗಿರಬಹುದು. ಲಕ್ಷಣಗಳು ಒಂದೇ ದಿನದಲ್ಲಿ ಏರಿಳಿಯುತ್ತವೆ. ಮೂಲ ಕಾರಣಕ್ಕೆ ಚಿಕಿತ್ಸೆ ಸಿಕ್ಕಂತೆ ಬಹುತೇಕರು ಚೇತರಿಸಿಕೊಳ್ಳುತ್ತಾರೆ.

ಆದರೆ ತಲೆಗೆ ಪೆಟ್ಟಾಗಿದ್ದರೆ ಮೆದುಳಿನ ಊತ ಅಥವಾ ರಕ್ತಸ್ರಾವದಿಂದಲೂ ಹೀಗಾಗಬಹುದು. ಹಾಗಾಗಿ ಹಠಾತ್ ಬದಲಾವಣೆ ಕಂಡರೆ ನರ್ಸ್‌ಗೆ ಕೂಡಲೇ ತಿಳಿಸಿ. ಅವರು ಮೊದಲು ಹೇಗಿದ್ದರು ಎಂದು ಚೆನ್ನಾಗಿ ಗೊತ್ತಿರುವುದು ನಿಮಗೇ.

ಭೇಟಿಯ ವೇಳೆ ಏನು ಮಾಡಬಹುದು? ಕೈ ತೊಳೆದು ಒಳಹೋಗಿ. ಹೆಸರು ಹಿಡಿದು ಅಥವಾ ಮನೆಯಲ್ಲಿ ಕರೆಯುವಂತೆ ಕರೆದು, ಯಾವ ಊರು, ಯಾವ ವಾರ, ಏನಾಗಿದೆ ಎಂದು ನಿಧಾನವಾಗಿ ಹೇಳಿ. 'ನಾನು ಯಾರು ಹೇಳಿ ನೋಡೋಣ' ಎಂದು ಪರೀಕ್ಷಿಸಬೇಡಿ, ವಾದಕ್ಕಿಳಿಯಬೇಡಿ. ಕನ್ನಡಕ, ಕಿವಿಯ ಯಂತ್ರ ಬಳಸುತ್ತಿದ್ದರೆ ಕೇಳಿಕೊಂಡು ತಂದುಕೊಡಿ. ಅಮೆರಿಕದ ತೀವ್ರನಿಗಾ ತಜ್ಞರ ಸಂಘದ 2018ರ ಮಾರ್ಗಸೂಚಿಯೂ ಇಂಥ ಸರಳ ಕ್ರಮಗಳನ್ನು ಸೂಚಿಸುತ್ತದೆ. ಗುರುತಿಸಲಿಲ್ಲವೆಂದು ಭೇಟಿ ನಿಲ್ಲಿಸಬೇಡಿ; ಪರಿಚಿತ ದನಿ ಅವರಿಗೆ ಆಗಲೇ ಹೆಚ್ಚು ಬೇಕು.