ತಾಣಕ್ಕೆ ತಡೆ, ಓದುಗನಿಗೆ ಯಾವ ದಾರಿ?

ಸಂಶೋಧನಾ ಪ್ರಬಂಧಗಳನ್ನು ಪುಕ್ಕಟೆಯಾಗಿ ಒದಗಿಸುವ ‘ಸೈ-ಹಬ್’ ಅಂತರಜಾಲ ತಾಣಕ್ಕೆ ದೇಶದಲ್ಲಿ ತಡೆಯೊಡ್ಡುವಂತೆ ದೆಹಲಿ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಆದೇಶಿಸಿತು. ಎಲ್ಸೆವಿಯರ್, ವೈಲಿ ಮತ್ತು ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ಹೂಡಿದ ದಾವೆಯಿದು. ಹೊಸ ಪ್ರಬಂಧಗಳನ್ನು ಸೇರಿಸುವುದಿಲ್ಲವೆಂದು ನ್ಯಾಯಾಲಯಕ್ಕೆ ನೀಡಿದ್ದ ಭರವಸೆಯನ್ನು ತಾಣದ ಸ್ಥಾಪಕಿ, ಕಜಕಸ್ತಾನ ಮೂಲದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ಪಾಲಿಸಲಿಲ್ಲ ಎಂಬುದು ಆದೇಶದ ಹಿನ್ನೆಲೆ. ಕೊಟ್ಟ ಮಾತಿಗೆ ತಪ್ಪಿದವರನ್ನು ಸಮರ್ಥಿಸುವುದು ಸುಲಭವಲ್ಲ. ಆದರೆ ಇಂಥ ತಾಣವನ್ನು ಲಕ್ಷಾಂತರ ಮಂದಿ ಏಕೆ ಆಶ್ರಯಿಸಿದರು ಎಂಬ ಪ್ರಶ್ನೆ ಆದೇಶದೊಂದಿಗೆ ಮುಗಿಯುವುದಿಲ್ಲ.

ಸಂಶೋಧನಾ ಪತ್ರಿಕೆಗಳ ವ್ಯವಹಾರವೇ ವಿಚಿತ್ರವಾದುದು. ಪ್ರಬಂಧ ಬರೆದ ವಿಜ್ಞಾನಿಗೆ ಪ್ರಕಾಶಕರು ಸಂಭಾವನೆ ಕೊಡುವುದಿಲ್ಲ. ಅದನ್ನು ಪರಿಶೀಲಿಸುವ ವಿದ್ವಾಂಸರೂ ಸಾಮಾನ್ಯವಾಗಿ ಬಿಟ್ಟಿಯಾಗಿ ದುಡಿಯುತ್ತಾರೆ. ಸಂಶೋಧನೆಯ ವೆಚ್ಚ ಬಹುಮಟ್ಟಿಗೆ ಜನರ ತೆರಿಗೆಯದು. ಹೀಗೆ ಸಿದ್ಧವಾದ ಪ್ರಬಂಧವೊಂದನ್ನು ಓದಲು 30 ಡಾಲರ್‌ಗೂ ಹೆಚ್ಚು ತೆರಬೇಕಾಗುವುದು ಸಾಮಾನ್ಯ ಸಂಗತಿ. ಸಂಪಾದನೆ, ಮುದ್ರಣ, ಸಂರಕ್ಷಣೆಗಳಿಗೆ ಖರ್ಚಿದೆ ನಿಜ; ಆದರೆ ಇದು ಮೂಗಿಗಿಂತ ಮೂಗುತಿ ಭಾರವಾದ ಸ್ಥಿತಿ.

ಪುಸ್ತಕಗಳ ಮಾತು ಬೇರೆ. ಗೌರವಧನವನ್ನು ನೆಚ್ಚಿಕೊಂಡ ಲೇಖಕನಿಗೂ, ಕೆಲವೇ ನೂರು ಪ್ರತಿಗಳನ್ನು ಅಚ್ಚು ಹಾಕಿಸುವ ಕನ್ನಡದ ಸಣ್ಣ ಪ್ರಕಾಶಕನಿಗೂ ಕಳ್ಳಪ್ರತಿಗಳಿಂದ ಆಗುವುದು ನೇರ ನಷ್ಟ. ಅವರ ಹಕ್ಕಿಗೆ ಕಾನೂನಿನ ರಕ್ಷಣೆ ಬೇಕೇ ಬೇಕು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ದಂಡನೆಯಿಂದಷ್ಟೇ ಸಮಸ್ಯೆ ಬಗೆಹರಿಯದೆಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. ಎಲ್ಸೆವಿಯರ್‌ಗೆ 1.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ನ್ಯೂಯಾರ್ಕ್‌ನ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿತು. ಸೈ-ಹಬ್ ವಿಳಾಸ ಬದಲಿಸುತ್ತಾ ಉಳಿದುಕೊಂಡಿತು.

ನಮ್ಮ ಕಾನೂನಿಗೆ ಓದುಗನ ಅಗತ್ಯ ಅಪರಿಚಿತವೇನಲ್ಲ. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಪ್ರಕಾಶನ ಸಂಸ್ಥೆಗಳು ಹೂಡಿದ್ದ ಮೊಕದ್ದಮೆಯಲ್ಲಿ ಇದೇ ಹೈಕೋರ್ಟ್, ಬೋಧನೆಗಾಗಿ ಪುಸ್ತಕದ ಭಾಗಗಳನ್ನು ಪ್ರತಿ ಮಾಡುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಅವಕಾಶವಿದೆ ಎಂದು 2016ರಲ್ಲಿ ಎತ್ತಿಹಿಡಿದಿತ್ತು.

ಈಗ ಹೊಣೆ ಸರ್ಕಾರದ್ದು. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಕೇಂದ್ರ ಸರ್ಕಾರ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ಮಂಜೂರು ಮಾಡಿದೆ. ಸುಮಾರು 13,000 ಪತ್ರಿಕೆಗಳು 6,300ಕ್ಕೂ ಹೆಚ್ಚು ಸಂಸ್ಥೆಗಳಿಗೆ ದೊರಕಬೇಕೆಂಬುದು ಇದರ ಗುರಿ. ಸ್ವಾಗತಾರ್ಹ ಹೆಜ್ಜೆಯೇ. ಆದರೆ ಯೋಜನೆ ರೂಪುಗೊಂಡಿದ್ದು ಸರ್ಕಾರಿ ಸಂಸ್ಥೆಗಳಿಗಾಗಿ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳೇ ಹೆಚ್ಚಿರುವ ಕರ್ನಾಟಕದಲ್ಲಿ ಎಷ್ಟೊಂದು ಅಧ್ಯಾಪಕರು, ವಿದ್ಯಾರ್ಥಿಗಳು ಇದರಿಂದ ಹೊರಗುಳಿಯುತ್ತಾರೆ! ಸಣ್ಣ ಪಟ್ಟಣದಲ್ಲಿ ಸ್ವಂತ ದವಾಖಾನೆ ನಡೆಸುವ ವೈದ್ಯರ ಗತಿಯೇನು?

ಜನರ ಹಣದಿಂದ ನಡೆದ ಸಂಶೋಧನೆ ಜನರಿಗೆ ಮುಕ್ತವಾಗಿ ಸಿಗಬೇಕೆಂಬ ನಿಯಮ ಕಟ್ಟುನಿಟ್ಟಾಗಿ ಜಾರಿಯಾಗಬೇಕು. ಚಂದಾ ಯೋಜನೆ ಸಾರ್ವಜನಿಕ ಗ್ರಂಥಾಲಯಗಳಿಗೂ ವಿಸ್ತರಿಸಬೇಕು. ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುವ ನಮ್ಮ ನಾಗರಿಕರು ಇಷ್ಟನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ. ಹೆಬ್ಬಾಗಿಲು ತೆರೆದಿದ್ದರೆ ಹಿತ್ತಿಲ ಬಾಗಿಲನ್ನು ಯಾರೂ ತಟ್ಟುವುದಿಲ್ಲ.